ಸೂಜಿ ಸಲೀಸಾಗಿ ಹೋಗುವ ಜಾಗವನ್ನೇ ಯಾಕೆ ಬಿಡಬೇಕು?

ಪ್ರಶ್ನೆ: ನನ್ನ ಯಜಮಾನರಿಗೆ ಎಡಗೈಯ ಫಿಸ್ಟುಲಾದಿಂದ ಮನೆಯಲ್ಲೇ ಹಿಮೋಡಯಾಲಿಸಿಸ್ ನಡೆಯುತ್ತಿದೆ. ವಾರಕ್ಕೆ ನಾಲ್ಕು ಸಲ, ಅದರಲ್ಲಿ ಎರಡು ಸಲ ರಾತ್ರಿ ಮಲಗಿರುವಾಗ. ತರಬೇತಿ ಪಡೆದು ಸೂಜಿ ಹಾಕುವವಳು ನಾನೇ. ಎರಡು ಜಾಗದಲ್ಲಿ ಸೂಜಿ ಸಲೀಸಾಗಿ ಒಳಗೆ ಹೋಗುತ್ತದೆ, ಅವರಿಗೆ ನೋವೂ ಆಗುವುದಿಲ್ಲ. ಹಾಗಾಗಿ ಕೆಲವು ತಿಂಗಳಿಂದ ಅಲ್ಲೇ ಹಾಕುತ್ತಿದ್ದೇನೆ. ಈಗ ಎರಡೂ ಕಡೆ ಉಬ್ಬಿಕೊಂಡಿದೆ. ಹೋದ ವಾರ ಧೈರ್ಯ ಮಾಡಿ ಬೇರೆ ಕಡೆ ಹಾಕಿದೆ, ಕೈ ಊದಿಕೊಂಡು ನೀಲಿಗಟ್ಟಿತು. ಪ್ರತಿ ಸಲ ಒಂದೇ ತೂತಿನಲ್ಲಿ ಸೂಜಿ ಹಾಕುವ ಬಟನ್‌ಹೋಲ್ ಮಾಡಿಸಿಕೊಂಡರೆ ನೋವೇ ಇರುವುದಿಲ್ಲ ಎಂದು ಪರಿಚಯದವರೊಬ್ಬರು ಹೇಳುತ್ತಾರೆ. ಅದಕ್ಕೆ ಬದಲಾಯಿಸಬಹುದೇ? ರಾತ್ರಿ ಸೂಜಿ ಜಾರಿಬಿಟ್ಟರೆ ಏನು ಗತಿ ಎಂಬ ಭಯದಲ್ಲಿ ನನಗೆ ನಿದ್ದೆಯೇ ಹತ್ತುವುದಿಲ್ಲ.

ಉತ್ತರ: ನಿಮ್ಮ ಪತ್ರ ಓದಿ ನನಗೆ ಮೊದಲು ಆತಂಕವಾದದ್ದು ನೋವಿಲ್ಲದ ಆ ಎರಡು ಜಾಗಗಳ ಬಗ್ಗೆ. ಇವತ್ತಿನಿಂದಲೇ ಅಲ್ಲಿ ಚುಚ್ಚುವುದನ್ನು ನಿಲ್ಲಿಸಿ. ಹಾಗೆಂದು ಡಯಾಲಿಸಿಸ್ ತಪ್ಪಿಸಬೇಡಿ. ನಿಮ್ಮ ಕೇಂದ್ರಕ್ಕೆ ಫೋನ್ ಮಾಡಿ, ಉಬ್ಬಿರುವ ಸಂಗತಿ ಹೇಳಿ, ಮುಂದಿನ ಒಂದೆರಡು ಸಲ ಅಲ್ಲೇ ಮಾಡಿಸಿಕೊಂಡು ಅನುಭವಿ ನರ್ಸ್ ಕೈಯಲ್ಲಿ ಹೊಸ ಜಾಗಗಳನ್ನು ಗುರುತು ಹಾಕಿಸಿಕೊಂಡು ಬನ್ನಿ.

ನೋವಾಗದಿರುವುದು ಒಳ್ಳೆಯ ಲಕ್ಷಣವೆಂದೇ ಎಲ್ಲರೂ ತಿಳಿಯುತ್ತಾರೆ, ನೀವು ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅಲ್ಲಿ ನಡೆದಿರುವುದು ಬೇರೆ. ಫಿಸ್ಟುಲಾ ಎಂದರೆ ಅಭಿಧಮನಿಯೊಂದನ್ನು ಅಪಧಮನಿಗೆ ಹೊಲಿದು ಜೋಡಿಸುವುದು. ನ್ಯೂಯಾರ್ಕಿನ ಬ್ರೆಶಿಯಾ, ಚಿಮಿನೊ ಮತ್ತು ಸಂಗಡಿಗರು 1966ರಲ್ಲಿ ಈ ಶಸ್ತ್ರಕ್ರಿಯೆಯನ್ನು ಪ್ರಕಟಿಸಿದರು; ಇವತ್ತಿಗೂ ಡಯಾಲಿಸಿಸ್‌ಗೆ ಇದನ್ನೇ ಹೆಚ್ಚು ನಂಬುತ್ತೇವೆ. ಅಪಧಮನಿಯ ಒತ್ತಡ ಬಂದು ಬಡಿದಾಗ ತೆಳ್ಳನೆಯ ಅಭಿಧಮನಿ ಹಿಗ್ಗುತ್ತದೆ, ಅದರ ಗೋಡೆ ದಪ್ಪವಾಗುತ್ತದೆ. ಆ ಗೋಡೆಯ ಬಲವನ್ನೇ ನಾವು ಸೂಜಿಯಿಂದ ಸ್ವಲ್ಪ ಸ್ವಲ್ಪವಾಗಿ ಖರ್ಚು ಮಾಡುತ್ತೇವೆ. 15 ಗೇಜ್ ಸೂಜಿಯ ದಪ್ಪ ಸುಮಾರು 1.8 ಮಿ.ಮೀ. ವಾರಕ್ಕೆ ನಾಲ್ಕು ಸಲ ಎಂದರೆ ಒಂದು ಜಾಗಕ್ಕೆ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ತೂತು. ಒಂದೊಂದು ತೂತು ಮಾಯುವಾಗಲೂ ಅಲ್ಲಿ ಸ್ವಲ್ಪ ಕಲೆಯ ಅಂಗಾಂಶ ಸೇರಿಕೊಳ್ಳುತ್ತದೆ, ಮೂಲ ಗೋಡೆ ಸೊರಗುತ್ತದೆ. ಚರ್ಮದ ನೋವಿನ ನರಗಳು ಜಡವಾಗುತ್ತವೆ, ಸಡಿಲಗೊಂಡ ಗೋಡೆ ಉಬ್ಬಿ ಚರ್ಮಕ್ಕೆ ಹತ್ತಿರ ಬರುತ್ತದೆ, ಸೂಜಿಗೆ ಎದುರೇ ಇರುವುದಿಲ್ಲ. ಸಲೀಸಾಗಿ ಹೋಗುವುದಕ್ಕೆ ಕಾರಣ ಇದು. ಉಬ್ಬಿನ ಆಚೀಚೆ ನಾಳ ಕಿರಿದಾಗುವುದೂ ಉಂಟು. ಆಗ ಉಬ್ಬು ಇನ್ನೂ ಬೇಗ ಬೆಳೆಯುತ್ತದೆ.

ಈಗಲೇ ಹಗಲು ಬೆಳಕಿನಲ್ಲಿ ಅವರ ಕೈ ಹಿಡಿದು ನೋಡಿ. ಉಬ್ಬಿನ ಮೇಲಿನ ಚರ್ಮವನ್ನು ಎರಡು ಬೆರಳಿನಿಂದ ಮೆಲ್ಲಗೆ ಚಿವುಟಿ ಎತ್ತಲು ಬರುತ್ತದೆಯೇ? ಬಂದರೆ ಸದ್ಯಕ್ಕೆ ಸಮಾಧಾನ. ಚರ್ಮ ತೆಳ್ಳಗಾಗಿ ಮಿರುಗುತ್ತಿದ್ದರೆ, ಚಿವುಟಲು ಬಾರದಷ್ಟು ಬಿಗಿದಿದ್ದರೆ, ಹಕ್ಕಳೆ ಉದುರದೆ ದಿನದಿಂದ ದಿನಕ್ಕೆ ಅಗಲವಾಗುತ್ತಿದ್ದರೆ, ಸುತ್ತ ಕೆಂಪಗಾಗಿದ್ದರೆ, ಸೂಜಿ ಹಾಕದ ದಿನವೂ ರಕ್ತ ಜಿನುಗಿದ್ದರೆ, ಆವತ್ತೇ ಆಸ್ಪತ್ರೆಗೆ ಹೊರಡಿ. ಇಂಥ ಜಾಗ ಒಡೆದರೆ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಬರುವಷ್ಟು ರಕ್ತ ಹೋಗುತ್ತದೆ. ಒಡೆದೇ ಬಿಟ್ಟರೆ ದಪ್ಪ ಟವೆಲ್ ಸುತ್ತಬೇಡಿ. ಟವೆಲ್ ರಕ್ತವನ್ನು ಹೀರಿಕೊಂಡು ಮರೆಮಾಡುತ್ತದೆ, ತಡೆಯುವುದಿಲ್ಲ. ರಕ್ತ ಚಿಮ್ಮುವ ಬಿಂದುವಿನ ಮೇಲೇ ಬೆರಳಿಟ್ಟು ಗಟ್ಟಿಯಾಗಿ ಒತ್ತಿ, ಕೈಯನ್ನು ಮೇಲೆತ್ತಿ, ಆಂಬುಲೆನ್ಸ್ ಕರೆಸಿ. ಇದನ್ನು ಯಜಮಾನರಿಗೂ ಹೇಳಿಕೊಡಿ. ನೀವು ಪಕ್ಕದಲ್ಲಿ ಇಲ್ಲದಾಗಲೂ ಅದು ಆಗಬಹುದು.

ಉಬ್ಬು ಬರೀ ಸೂಜಿಯಿಂದ ಬಂದದ್ದೋ, ಮುಂದೆಲ್ಲೋ ನಾಳ ಕಟ್ಟಿಕೊಂಡು ಒತ್ತಡ ಹೆಚ್ಚಿ ಬಂದದ್ದೋ ಎಂದು ತಿಳಿಯಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಯಜಮಾನರು ಅಂಗಾತ ಮಲಗಿ ಆ ಕೈಯನ್ನು ನೇರ ಮೇಲಕ್ಕೆ ಎತ್ತಲಿ. ರಕ್ತ ಹೃದಯದ ಕಡೆಗೆ ಸರಾಗವಾಗಿ ಹರಿಯುತ್ತಿದ್ದರೆ ಫಿಸ್ಟುಲಾ ಕುಗ್ಗಿ ಮೆತ್ತಗಾಗುತ್ತದೆ. ಎತ್ತಿದರೂ ಬಿಗಿಯಾಗಿ ಉಬ್ಬಿಯೇ ಇದ್ದರೆ ಮುಂದೆ ತಡೆಯಿರುವ ಸಂಶಯ. ಬೆರಳಿಟ್ಟಾಗ ಮೆತ್ತನೆಯ ಝುಮ್ಮೆನ್ನುವ ಕಂಪನ ಸಿಗಬೇಕು. ಅದರ ಬದಲು ಬೆರಳನ್ನು ಎತ್ತಿ ಒಗೆಯುವಂಥ ಬಡಿತ ಸಿಕ್ಕರೂ ಅದೇ ಸಂಶಯ. ಪಂಪಿನ ವೇಗ ಅದೇ ಇದ್ದರೂ ವೀನಸ್ ಒತ್ತಡ (ರಕ್ತ ಮರಳಿಸುವ ಕಡೆ ಯಂತ್ರ ತೋರಿಸುವ ಒತ್ತಡ) ವಾರದಿಂದ ವಾರಕ್ಕೆ ಏರುತ್ತಿದ್ದರೆ, ಸೂಜಿ ತೆಗೆದ ಮೇಲೆ ರಕ್ತ ನಿಲ್ಲಲು ಮುಂಚಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿದ್ದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಆಗ ಬೇಕಾದದ್ದು ಸ್ಕ್ಯಾನಿಂಗ್. ತಡೆಯಿದ್ದರೆ ಬಲೂನ್ ಹಾಕಿ ಹಿಗ್ಗಿಸುತ್ತಾರೆ. ತಡೆ ಹಾಗೇ ಉಳಿದರೆ ಸೂಜಿಯ ಜಾಗ ಎಷ್ಟು ಬದಲಾಯಿಸಿದರೂ ಫಲವಿಲ್ಲ.

ಇನ್ನು ಹೊಸ ಜಾಗದ ವಿಷಯ. ಇದರ ಬಗ್ಗೆ ನಿಧಾನವಾಗಿ ಹೇಳಬೇಕು, ಏಕೆಂದರೆ ಮನೆಯಲ್ಲಿ ಸೂಜಿ ಹಾಕುವ ಬಹಳ ಮಂದಿ ಆಯಾ ದಿನ ಕುಳಿತು ಆಯಾ ದಿನದ ಜಾಗ ಹುಡುಕುತ್ತಾರೆ. ಹಾಗೆ ಹುಡುಕಿದರೆ ಕೈ ತಾನಾಗಿ ಹಳೆಯ, ಸಲೀಸಾದ ಜಾಗಕ್ಕೇ ಹೋಗುತ್ತದೆ. ಜಾಗ ಮೊದಲೇ ತೀರ್ಮಾನವಾಗಿರಬೇಕು.

ಡಯಾಲಿಸಿಸ್ ಇಲ್ಲದ ದಿನ ಬಿಡುವಾಗಿ ಕುಳಿತು ನಾಳದ ನಕ್ಷೆ ಮಾಡಿ. ಹೊಲಿಗೆಯ ಗುರುತಿನಿಂದ ಶುರುಮಾಡಿ ಮೇಲಕ್ಕೆ ಬೆರಳಾಡಿಸುತ್ತ ಹೋಗಿ. ತುದಿಬೆರಳನ್ನು ಒತ್ತಬೇಡಿ, ಉರುಳಿಸಿ. ನಾಳದ ಎರಡೂ ಅಂಚು ಸಿಗುತ್ತವೆ. ಮೊದಲು ಟೂರ್ನಿಕೆಟ್ (ತೋಳಿಗೆ ಬಿಗಿಯುವ ಪಟ್ಟಿ) ಇಲ್ಲದೆ, ಆಮೇಲೆ ಕಟ್ಟಿ ಇನ್ನೊಮ್ಮೆ. ಎಲ್ಲಿ ತಿರುಗುತ್ತದೆ, ಎಲ್ಲಿ ಕವಲೊಡೆಯುತ್ತದೆ, ಎಲ್ಲಿ ಆಳಕ್ಕೆ ಇಳಿಯುತ್ತದೆ ಎಂದು ಚರ್ಮದ ಮೇಲೆ ಪೆನ್ನಿನಿಂದ ಗೆರೆ ಹಾಕಿ ಫೋಟೊ ತೆಗೆದಿಡಿ. ಕೇಂದ್ರದಲ್ಲಿ ಅಲ್ಟ್ರಾಸೌಂಡ್ ಇದ್ದರೆ ಆ ಗೆರೆಯ ಮೇಲೆ ಅಲ್ಲಲ್ಲಿ ಆಳ ಅಳೆದು ಬರೆಸಿಕೊಳ್ಳಿ. ಆಳ ಗೊತ್ತಿದ್ದರೆ ಅರ್ಧ ಗೆದ್ದಂತೆ. ಹೋದ ವಾರ ನಿಮ್ಮ ಸೂಜಿ ನಾಳದ ಹಿಂಗೋಡೆಯನ್ನು ತೂರಿರಬಹುದು. ಅಲ್ಲಿ ನಾಳ ನೀವೆಣಿಸಿದ್ದಕ್ಕಿಂತ ಮೇಲಿದ್ದಿರಬೇಕು, ಅಥವಾ ಪಕ್ಕಕ್ಕೆ ವಾಲಿರಬೇಕು.

ಆ ಗೆರೆಯ ಉದ್ದಕ್ಕೂ ಎರಡು ಏಣಿಗಳನ್ನು ಗುರುತಿಸಿ, ರಕ್ತ ಎಳೆಯುವ ಸೂಜಿಗೆ ಒಂದು, ಮರಳಿಸುವ ಸೂಜಿಗೆ ಇನ್ನೊಂದು. ಒಂದೊಂದು ಮೆಟ್ಟಿಲ ನಡುವೆ ಒಂದು ಸೆಂಟಿಮೀಟರಿನಷ್ಟು ಅಂತರ ಸಾಕು. ಕೆಳಗಿನಿಂದ ಮೇಲಕ್ಕೆ ದಿನಕ್ಕೊಂದು ಮೆಟ್ಟಿಲು ಏರುತ್ತ ಹೋಗಿ, ತುದಿ ಮುಟ್ಟಿದ ಮೇಲೆ ಮತ್ತೆ ಕೆಳಗಿನಿಂದ. ಮೆಟ್ಟಿಲುಗಳು ಹೆಚ್ಚಿದ್ದಷ್ಟೂ ಒಂದೊಂದು ತೂತಿಗೆ ಮಾಯಲು ಹೆಚ್ಚು ದಿನ ಸಿಗುತ್ತವೆ. ಹೊಲಿಗೆ ಹಾಕಿದ ಜಾಗದಿಂದ ಸೂಜಿ ಕಡಿಮೆಯೆಂದರೂ ನಾಲ್ಕು ಸೆಂಟಿಮೀಟರ್ ದೂರವಿರಲಿ. ಎರಡೂ ಸೂಜಿಗಳು ಹೃದಯದ ಕಡೆಗೆ ಮುಖ ಮಾಡಿದ್ದರೆ ತುದಿಗಳ ನಡುವೆ ಐದು ಸೆಂಟಿಮೀಟರ್ ಬಿಡಿ, ಇಲ್ಲವಾದರೆ ಶುದ್ಧವಾದ ರಕ್ತವನ್ನೇ ಯಂತ್ರ ಮತ್ತೆ ಎಳೆದುಕೊಂಡು ಡಯಾಲಿಸಿಸ್ ಕಡಿಮೆಯಾಗುತ್ತದೆ. ಮರಳಿಸುವ ಸೂಜಿ ಯಾವಾಗಲೂ ಹೃದಯದ ಕಡೆಗೇ. ಎಳೆಯುವ ಸೂಜಿಯನ್ನು ಎರಡೂ ದಿಕ್ಕಿಗೆ ಹಾಕುವವರಿದ್ದಾರೆ, ನಿಮಗೆ ತರಬೇತಿಯಲ್ಲಿ ಹೇಳಿಕೊಟ್ಟ ದಿಕ್ಕನ್ನೇ ಇಟ್ಟುಕೊಳ್ಳಿ. ಉಬ್ಬಿದ ಎರಡೂ ಜಾಗಗಳ ಮೇಲೆ ನಕ್ಷೆಯಲ್ಲಿ ಅಡ್ಡಗೆರೆ ಎಳೆದುಬಿಡಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಮೆಟ್ಟಿಲ ಸಂಖ್ಯೆ, ಸೂಜಿಯ ಗೇಜ್, ಪಂಪಿನ ವೇಗ, ಎಳೆಯುವ ಮತ್ತು ಮರಳಿಸುವ ಎರಡೂ ಕಡೆಯ ಒತ್ತಡ, ರಕ್ತ ನಿಲ್ಲಲು ಹಿಡಿದ ಹೊತ್ತು, ಇಷ್ಟು ಬರೆಯುವ ಅಭ್ಯಾಸ ಮಾಡಿಕೊಳ್ಳಿ. ತಡೆಯೊಂದು ಮೂಡುತ್ತಿದ್ದರೆ ಆ ಪುಟಗಳಲ್ಲೇ ಮೊದಲು ಕಾಣಿಸುತ್ತದೆ.

ಹೊಸ ಜಾಗ ನೋಯುತ್ತದೆ. ಅದನ್ನು ಮುಚ್ಚಿಡುವುದಿಲ್ಲ. ಮರಗಟ್ಟಿಸುವ ಮುಲಾಮನ್ನು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮುಂಚೆ ಹಚ್ಚಿ, ಚುಚ್ಚುವ ಮೊದಲು ಸೋಪಿನಿಂದ ಪೂರ್ತಿ ತೊಳೆದರೆ ಬಹಳ ಮಟ್ಟಿಗೆ ತಡೆದುಕೊಳ್ಳಬಹುದು. ಶುರುವಿನಲ್ಲಿ 17 ಗೇಜಿನ ಸಣ್ಣ ಸೂಜಿ (ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ಸಣ್ಣ), ಅದಕ್ಕೆ ತಕ್ಕಂತೆ ಪಂಪಿನ ವೇಗ ತಗ್ಗಿಸಿ. ಕೇಂದ್ರದವರನ್ನು ಕೇಳಿಯೇ ಇದನ್ನು ಮಾಡಿ. ಹೊಸ ಜಾಗ ಒಗ್ಗಿದ ಮೇಲೆ ಹಳೆಯ ಗೇಜಿಗೆ ಮರಳಬಹುದು.

ಚುಚ್ಚುವ ಕ್ರಮ ನಿಮಗೆ ಗೊತ್ತಿದೆ, ಜನ ಎಡವುವ ಕಡೆಗಳನ್ನಷ್ಟೇ ಹೇಳುತ್ತೇನೆ. ನಾಳ ಎಷ್ಟೇ ಎದ್ದು ಕಾಣಲಿ, ಟೂರ್ನಿಕೆಟ್ ಕಟ್ಟಿ. ಅದು ನಾಳವನ್ನು ತುಂಬಿಸುವುದಲ್ಲದೆ ಜಾರದಂತೆ ಹಿಡಿಯುತ್ತದೆ, ಹಿಂಗೋಡೆ ದೂರ ಸರಿಯುತ್ತದೆ. ಚರ್ಮ ಶುದ್ಧಿಮಾಡುವ ಕ್ಲೋರ್‌ಹೆಕ್ಸಿಡಿನ್ ಹಚ್ಚಿದ ಮೇಲೆ ಊದಬೇಡಿ, ಒರೆಸಬೇಡಿ, ತಾನಾಗಿ ಆರಲಿ. ಒದ್ದೆಯಿರುವಾಗ ಅದರ ಕೆಲಸ ಮುಗಿದಿರುವುದಿಲ್ಲ, ಚುಚ್ಚಿದಾಗ ಉರಿಯುತ್ತದೆ ಕೂಡ. ಹಚ್ಚಿದ ಮೇಲೆ ಆ ಜಾಗವನ್ನು ಮತ್ತೆ ಮುಟ್ಟಿ ನೋಡಬೇಡಿ. ಸೂಜಿಯ ಓರೆ ಬಾಯಿ ಮೇಲಕ್ಕಿರಲಿ, ಚರ್ಮವನ್ನು ಎದುರು ದಿಕ್ಕಿಗೆ ಬಿಗಿಯಾಗಿ ಎಳೆದುಹಿಡಿಯಿರಿ. ಕೋನ ಸುಮಾರು 25 ಡಿಗ್ರಿ, ನಾಳ ಆಳದಲ್ಲಿದ್ದರೆ ತುಸು ಹೆಚ್ಚು. ರಕ್ತ ಕಾಣಿಸಿದ ಕೂಡಲೇ ಕೈ ತಗ್ಗಿಸಿ ಕೋನ ಕಡಿಮೆ ಮಾಡಿ, ಆಮೇಲೆ ಮುಂದಕ್ಕೆ ಜಾರಿಸಿ. ಹಿಂಗೋಡೆ ತೂರುವುದು ಹೆಚ್ಚಾಗಿ ಇದೇ ಗಳಿಗೆಯಲ್ಲಿ, ರಕ್ತ ಕಂಡ ಖುಷಿಗೆ ಅದೇ ಕೋನದಲ್ಲಿ ಇನ್ನಷ್ಟು ತಳ್ಳಿಬಿಡುವುದರಿಂದ.

ಸೂಜಿಯ ಎರಡು ಬದಿಯ ಪ್ಲಾಸ್ಟಿಕ್ ರೆಕ್ಕೆಗಳನ್ನು ಬಿಗಿಯಾಗಿ ಹಿಡಿದರೆ ತುದಿ ಎಲ್ಲಿದೆಯೆಂದು ಬೆರಳಿಗೆ ತಿಳಿಯುವುದಿಲ್ಲ. ರೆಕ್ಕೆಯ ಹಿಂದಿನ ಟ್ಯೂಬನ್ನು ಹಗುರಾಗಿ ಹಿಡಿದು ಹಾಕುವ ವಿಧಾನವೊಂದಿದೆ. ಅದರಲ್ಲಿ ಸೂಜಿ ತಡೆ ಸಿಕ್ಕಲ್ಲಿ ತಾನೇ ನಿಲ್ಲುತ್ತದೆ, ಒತ್ತಾಯದಿಂದ ನುಗ್ಗುವುದಿಲ್ಲ. ನಿಮ್ಮ ನರ್ಸ್‌ಗೆ ಗೊತ್ತಿದ್ದರೆ ಕಲಿತುಕೊಳ್ಳಿ. ಹಾಕಿದ ಮೇಲೆ ಸಲೈನ್ ಸಿರಿಂಜಿನಿಂದ ರಕ್ತ ಎಳೆದು, ಮೆಲ್ಲಗೆ ಸಲೈನ್ ಬಿಟ್ಟು ನೋಡದೆ ಪಂಪಿಗೆ ಜೋಡಿಸಲೇಬೇಡಿ. ಸಲೈನ್ ಬಿಟ್ಟಾಗ ನೋವೋ ಉಬ್ಬೋ ಕಂಡರೆ ಸೂಜಿ ನಾಳದ ಹೊರಗಿದೆ. ಒಳಗೇ ಅತ್ತ ಇತ್ತ ತಿರುಗಿಸಿ ನಾಳ ಹುಡುಕುವುದು ಎಲ್ಲಕ್ಕಿಂತ ಹಾನಿಕರ. ಒಮ್ಮೆ ತುಸು ಹಿಂದಕ್ಕೆಳೆದು ದಿಕ್ಕು ಸರಿಪಡಿಸಿ, ಸಿಗದಿದ್ದರೆ ತೆಗೆದುಬಿಡಿ. ಎರಡು ಸಲ ವಿಫಲವಾದರೆ ಕೇಂದ್ರಕ್ಕೆ ಫೋನ್.

ಕೈ ಊದಿದರೆ ಏನು ಮಾಡಬೇಕು? ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಡುವ ಮೊದಲೇ ಗೊತ್ತಾದರೆ ಸೂಜಿ ತೆಗೆದು ಒತ್ತಿ ಹಿಡಿಯಿರಿ. ಹೆಪಾರಿನ್ ಹೋದ ಮೇಲಾದರೆ ಪಂಪು ನಿಲ್ಲಿಸಿ, ಕ್ಲ್ಯಾಂಪ್ ಹಾಕಿ, ಆ ಸೂಜಿಯನ್ನು ಕೂಡಲೇ ಕೀಳದೆ ಕೇಂದ್ರವನ್ನು ಕೇಳಿ. ಕಿತ್ತರೆ ರಕ್ತಸ್ರಾವ ಹೆಚ್ಚಬಹುದು. ಮೊದಲ ದಿನ ಬಟ್ಟೆ ಸುತ್ತಿದ ಐಸನ್ನು ಇಪ್ಪತ್ತು ನಿಮಿಷ ಇಟ್ಟು ತೆಗೆದು ಮಾಡಿ. ಬಾವು ಇಳಿಯುವ ತನಕ ಅಲ್ಲಿ ಚುಚ್ಚಬಾರದು, ಅಗತ್ಯವಿದ್ದರೆ ಬಾವಿಗಿಂತ ಮೇಲೆ, ಹೃದಯದ ಕಡೆಗೆ ಹಾಕಬೇಕು. ಬಾವು ಬೆಳೆಯುತ್ತಲೇ ಇದ್ದರೆ, ಬೆರಳು ಮರಗಟ್ಟಿದರೆ, ಅಂಗೈ ತಣ್ಣಗಾದರೆ ಆಸ್ಪತ್ರೆಗೆ ಹೋಗಿ.

ಈಗ ಬಟನ್‌ಹೋಲ್. 1970ರ ದಶಕದಲ್ಲಿ ಪೋಲೆಂಡಿನ ವೈದ್ಯ ಜ್ಬಿಲುಟ್ ಟ್ವಾರ್ಡೋವ್ಸ್ಕಿ ಬಳಕೆಗೆ ತಂದ ವಿಧಾನವಿದು. ಒಬ್ಬರೇ ವ್ಯಕ್ತಿ, ಒಂದೇ ತೂತು, ಒಂದೇ ಕೋನ, ಒಂದೇ ಆಳದಲ್ಲಿ ಮೊನಚು ಸೂಜಿಯನ್ನು ಎಂಟು ಹತ್ತು ಸಲ ಹಾಕಿದರೆ, ಕಿವಿ ಚುಚ್ಚಿಸಿದ ತೂತಿನಂತೆ ಚರ್ಮದಿಂದ ನಾಳದವರೆಗೆ ಒಂದು ದಾರಿ ಮೂಡುತ್ತದೆ. ಆಮೇಲೆ ಮೊಂಡು ಸೂಜಿ ಆ ದಾರಿಯಲ್ಲೇ ಹೋಗುತ್ತದೆ, ಹೊಸದಾಗಿ ಏನನ್ನೂ ಕತ್ತರಿಸುವುದಿಲ್ಲ. ಮಧುಮೇಹ ಇದ್ದವರಿಗೆ ದಾರಿ ಮೂಡಲು ಇನ್ನೂ ಕೆಲವು ಸಲ ಬೇಕು. ಮನೆಯಲ್ಲಿ ಸೂಜಿ ಹಾಕುವವರು ಒಬ್ಬರೇ ಆದ್ದರಿಂದ ಇದು ಮನೆಗೆ ಒಗ್ಗುವ ವಿಧಾನವೆಂದು ಬಹಳ ಕಾಲ ಪ್ರಚಾರದಲ್ಲಿತ್ತು. ನೀವು ಇಷ್ಟು ದಿನ ಮಾಡಿದ್ದು ಬಟನ್‌ಹೋಲ್ ಅಲ್ಲ ಎಂಬುದು ನೆನಪಿರಲಿ. ಮೊನಚು ಸೂಜಿಯಿಂದ ಒಂದೇ ಪ್ರದೇಶದಲ್ಲಿ ಅಕ್ಕಪಕ್ಕ ಚುಚ್ಚುವುದನ್ನು ಮಾರ್ಗಸೂಚಿಗಳು ಬೇಡವೆನ್ನುತ್ತವೆ.

ಬಟನ್‌ಹೋಲಿನ ದೊಡ್ಡ ತೊಡಕು ಸೋಂಕು. ಆ ದಾರಿಯ ಬಾಯಲ್ಲಿ ಪ್ರತಿ ಸಲ ಹಕ್ಕಳೆ ಕಟ್ಟುತ್ತದೆ, ಅದರೊಳಗೆ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಕೂತಿರುತ್ತದೆ. ಹಕ್ಕಳೆಯ ಚೂರು ಉಳಿದಿರುವಾಗ ಸೂಜಿ ಹಾಕಿದರೆ ಅದನ್ನು ನೇರವಾಗಿ ರಕ್ತಕ್ಕೆ ತಳ್ಳಿದಂತೆ. ಅಲ್ಲಿಂದ ಹೃದಯದ ಕವಾಟಕ್ಕೆ, ಬೆನ್ನುಮೂಳೆಗೆ ಸೋಂಕು ಹೋದವರಿದ್ದಾರೆ. ಹಾಗಾಗಿ ಹಕ್ಕಳೆ ತೆಗೆಯುವ ಮೊದಲೊಮ್ಮೆ, ತೆಗೆದ ಮೇಲೊಮ್ಮೆ ಶುದ್ಧಿ ಮಾಡಬೇಕು, ಒದ್ದೆ ಗಾಜ್ ಬಟ್ಟೆಯಿಂದ (ಗಾಯಕ್ಕೆ ಬಳಸುವ ತೆಳು ಬಟ್ಟೆ) ನೆನೆಸಿ ಪೂರ್ತಿ ತೆಗೆಯಬೇಕು, ಸೂಜಿಯ ತುದಿಯಿಂದ ಕೆದಕಲೇಬಾರದು. ಡಯಾಲಿಸಿಸ್ ಮುಗಿದ ಮೇಲೆ ಮುಪಿರೋಸಿನ್ ಎಂಬ ಆಂಟಿಬಯಾಟಿಕ್ ಮುಲಾಮು ಹಚ್ಚಿದರೆ ಸೋಂಕು ತಗ್ಗುತ್ತದೆ. ವರ್ಷಗಟ್ಟಲೆ, ಒಂದು ದಿನವೂ ತಪ್ಪದೆ, ಸುಸ್ತಾದ ದಿನವೂ ಇದೆಲ್ಲ ನಡೆಯಬೇಕು. ಮೂತ್ರಪಿಂಡ ರೋಗದ ಚಿಕಿತ್ಸೆಗೆ ಅಮೆರಿಕದಲ್ಲಿರುವ ಕೆಡೋಕಿ (KDOQI) ಮಾರ್ಗಸೂಚಿ 2019ರಲ್ಲಿ ಬಟನ್‌ಹೋಲನ್ನು ವಿಶೇಷ ಸಂದರ್ಭಗಳಿಗಷ್ಟೇ ಮೀಸಲಿಡುವುದು ಸೂಕ್ತ ಎಂದದ್ದು ಈ ಕಾರಣಕ್ಕೇ.

ನಾಳದ ಚುಚ್ಚಬಹುದಾದ ಭಾಗ ತೀರ ಗಿಡ್ಡವಾಗಿದ್ದರೆ, ಏಣಿಗೆ ಜಾಗವೇ ಇಲ್ಲದಿದ್ದರೆ ನಾನೂ ಬಟನ್‌ಹೋಲ್ ಸೂಚಿಸುತ್ತೇನೆ. ಕೃತಕ ಕವಾಟ ಇರುವವರಿಗೆ, ಹಿಂದೆ ರಕ್ತಕ್ಕೆ ಸೋಂಕಾದವರಿಗೆ ಸೂಚಿಸುವುದಿಲ್ಲ. ಉಬ್ಬಿದ, ತೆಳುವಾದ ಗೋಡೆಯ ಮೇಲೆ ಮಾಡುವ ಮಾತೇ ಇಲ್ಲ. ನಿಮ್ಮ ವಿಷಯದಲ್ಲಿ ಮೊದಲು ಏಣಿ ಕ್ರಮವನ್ನು ಸರಿಯಾಗಿ ಪ್ರಯತ್ನಿಸಿ ಎನ್ನುತ್ತೇನೆ. ಬರೀ ನೋವು ತಪ್ಪಿಸಲು ಬಟನ್‌ಹೋಲಿಗೆ ಹೋಗಬೇಡಿ.

ಇನ್ನೊಂದು ಸಲಹೆ. ಯಜಮಾನರ ಬಲಗೈ ಗಟ್ಟಿಯಾಗಿದ್ದು ಕಣ್ಣು ಚೆನ್ನಾಗಿದ್ದರೆ ಸೂಜಿ ಹಾಕುವುದನ್ನು ಅವರೇ ಕಲಿಯಲಿ. ತಾನೇ ಚುಚ್ಚಿಕೊಳ್ಳುವವರಿಗೆ ಸೂಜಿ ಹಿಡಿದ ಬೆರಳೂ ಸುದ್ದಿ ಕೊಡುತ್ತದೆ, ಚುಚ್ಚಿಸಿಕೊಳ್ಳುವ ಕೈಯೂ ಕೊಡುತ್ತದೆ. ತುದಿ ಗೋಡೆಗೆ ತಾಗಿದ್ದು ನಿಮಗಿಂತ ಮೊದಲು ಅವರಿಗೆ ತಿಳಿಯುತ್ತದೆ. ಒಂದೇ ಕೈಯಲ್ಲಿ ಬಿಗಿಯಬಹುದಾದ ಕ್ಲಿಪ್ಪಿನ ಟೂರ್ನಿಕೆಟ್ ಸಿಗುತ್ತದೆ. ನಿಮ್ಮ ಹೆಗಲ ಭಾರವೂ ಅಷ್ಟು ಇಳಿಯುತ್ತದೆ, ಅದೂ ಮುಖ್ಯವೇ.

ರಾತ್ರಿಯ ಭಯ ಸುಳ್ಳು ಭಯವಲ್ಲ. ರಕ್ತ ಮರಳಿಸುವ ಸೂಜಿ ಕಳಚಿಕೊಂಡರೆ ಯಂತ್ರ ರಕ್ತ ಎಳೆಯುತ್ತಲೇ ಇರುತ್ತದೆ, ಹಾಸಿಗೆಗೆ ಸುರಿಯುತ್ತಲೇ ಇರುತ್ತದೆ. ಪಂಪು ನಿಮಿಷಕ್ಕೆ 300 ಮಿ.ಲೀ. ಇದ್ದರೆ ಒಂದು ಲೀಟರ್ ಹೋಗಲು ಮೂರು ನಿಮಿಷದ ಮೇಲೆ ಸ್ವಲ್ಪ ಹೊತ್ತು ಸಾಕು. ಅಲಾರಂ ಕೂಗುತ್ತದಲ್ಲ ಎಂಬ ಧೈರ್ಯ ಬೇಡ. ಯಂತ್ರ ಅಳೆಯುವ ವೀನಸ್ ಒತ್ತಡದ ದೊಡ್ಡ ಪಾಲು ಸೂಜಿಯ ಕಿರಿದಾದ ಕೊಳವೆಯಿಂದಲೇ ಹುಟ್ಟುತ್ತದೆ. ಸೂಜಿ ಕೈಯಿಂದ ಹೊರಬಿದ್ದರೂ ಒತ್ತಡ ಅಲಾರಮ್ಮಿನ ಗಡಿ ದಾಟುವಷ್ಟು ಇಳಿಯದಿರಬಹುದು.

ಆದ್ದರಿಂದ ರಾತ್ರಿಯ ಡಯಾಲಿಸಿಸ್‌ಗೆ ಒದ್ದೆ ತಿಳಿಸುವ ಅಲಾರಂ ಕಡ್ಡಾಯವೆಂದೇ ತಿಳಿಯಿರಿ. ಅದರ ಸೆನ್ಸರನ್ನು ಮರಳಿಸುವ ಸೂಜಿಯ ಮೇಲೇ ಇಡಬೇಕು; ಯಂತ್ರದ ಕೆಳಗೊಂದು, ನೀರಿನ ಜೋಡಣೆಗಳ ಕೆಳಗೊಂದು ಇದ್ದರೆ ಒಳ್ಳೆಯದು. ಟೇಪು ಹಚ್ಚುವ ಜಾಗದಲ್ಲಿ ಎಣ್ಣೆ, ಲೋಷನ್ ಏನೂ ಇರಬಾರದು, ರೋಮವಿದ್ದರೆ ಕತ್ತರಿಸಿ. ರೆಕ್ಕೆಯ ಮೇಲೆ ಒಂದು ಟೇಪು. ಅದನ್ನು ಹಚ್ಚುವಾಗ ಸೂಜಿ ಒಳಹೋದ ಕೋನ ಬದಲಾಗಬಾರದು, ರೆಕ್ಕೆಯನ್ನು ಚರ್ಮಕ್ಕೆ ಅದುಮಿದರೆ ಒಳಗೆ ತುದಿ ಮೇಲೆದ್ದು ಗೋಡೆಗೆ ತಾಗುತ್ತದೆ. ಇನ್ನೊಂದು ಸಣ್ಣ ಟೇಪನ್ನು ಅಂಟು ಮೇಲೆ ಬರುವಂತೆ ಟ್ಯೂಬಿನ ಕೆಳಗೆ ತೂರಿಸಿ, ಎರಡೂ ತುದಿಗಳನ್ನು ಸೂಜಿಯ ಮೇಲೆ ಅಡ್ಡಲಾಗಿ ದಾಟಿಸಿ ಚರ್ಮಕ್ಕೆ ಅಂಟಿಸಿ, ಅದರ ಮೇಲೆ ಮೂರನೆಯದು. ಟ್ಯೂಬಿಗೆ ಒಂದು ಸಡಿಲ ಸುತ್ತು ಕೊಟ್ಟು ಬೇರೆಡೆ ಅಂಟಿಸಿದರೆ ಮಗ್ಗುಲಾದಾಗ ಎಳೆತ ಆ ಸುತ್ತಿಗೆ ಬೀಳುತ್ತದೆ, ಸೂಜಿಗೆ ಬೀಳುವುದಿಲ್ಲ. ಟ್ಯೂಬನ್ನು ಮಂಚಕ್ಕೋ ದಿಂಬಿಗೋ ಕಟ್ಟಬೇಡಿ. ಆ ಕೈ ಹೊದಿಕೆಯ ಹೊರಗೆ, ಕಾಣುವಂತಿರಲಿ. ಸೂಜಿ ಕಳಚಿದ್ದು ಕಂಡರೆ ಮೊದಲು ಪಂಪು ನಿಲ್ಲಿಸಿ, ಆಮೇಲೆ ತೂತನ್ನು ಒತ್ತಿ ಹಿಡಿದು ಟ್ಯೂಬಿಗೆ ಕ್ಲ್ಯಾಂಪ್ ಹಾಕಿ, ಸಹಾಯಕ್ಕೆ ಕರೆ ಮಾಡಿ. ಇದನ್ನು ಇಬ್ಬರೂ ಕೂಡಿ ಯಂತ್ರ ಆಫ್ ಇರುವಾಗ ಅಭ್ಯಾಸ ಮಾಡಿ, ಕೈ ತಾನಾಗಿ ಪಂಪಿನ ಗುಂಡಿಗೆ ಹೋಗುವಷ್ಟು. ಹೊಸ ಜಾಗಗಳು ಒಗ್ಗುವ ತನಕ ಕೆಲವು ವಾರ ರಾತ್ರಿಯ ಡಯಾಲಿಸಿಸ್ ಬಿಟ್ಟು ಹಗಲಲ್ಲೇ ಮಾಡುವ ಬಗ್ಗೆ ಕೇಂದ್ರದವರೊಡನೆ ಮಾತಾಡಿ.

ಸೂಜಿ ತೆಗೆಯುವಾಗ ಪೂರ್ತಿ ಹೊರಬಂದ ಮೇಲೇ ಒತ್ತಿ, ಒಳಗಿರುವಾಗ ಒತ್ತಿದರೆ ಅದರ ಅಲಗು ಗೋಡೆಯನ್ನು ಸೀಳುತ್ತದೆ. ಚರ್ಮದ ತೂತೂ ನಾಳದ ತೂತೂ ಒಂದರ ಮೇಲೊಂದು ಇರುವುದಿಲ್ಲವಾದ್ದರಿಂದ ಎರಡು ಬೆರಳಿಟ್ಟು ಒತ್ತಬೇಕು. ಹತ್ತು ನಿಮಿಷ ನಡುವೆ ಎತ್ತಿ ನೋಡದೆ ಹಿಡಿಯಿರಿ, ಬೆರಳ ಪಕ್ಕದಲ್ಲಿ ಕಂಪನ ಸಿಗುತ್ತಿರುವಷ್ಟು ಒತ್ತಡ ಸಾಕು.

ಯಜಮಾನರು ಬೆಳಿಗ್ಗೆ ಎದ್ದಾಗ, ರಾತ್ರಿ ಮಲಗುವಾಗ ಆ ಕಂಪನ ಮುಟ್ಟಿ ನೋಡಿಕೊಳ್ಳಲಿ. ಅದು ಸಿಗದಿದ್ದರೆ ಮುಂದಿನ ಡಯಾಲಿಸಿಸ್ ತನಕ ಕಾಯಬೇಡಿ, ಆ ಗಂಟೆಯಲ್ಲೇ ಫೋನ್ ಮಾಡಿ. ಹೆಪ್ಪುಗಟ್ಟಿದ ಫಿಸ್ಟುಲಾವನ್ನು ಬೇಗ ತಲುಪಿದರೆ ಹಲವು ಸಲ ಉಳಿಸಬಹುದು. ಚಳಿ ಜ್ವರ ಬಂದರೂ ಹಾಗೆಯೇ, ಮಾತ್ರೆ ನುಂಗಿ ಮಲಗುವ ಮೊದಲು ಫೋನ್.